ಏಳು ಗೀಟಿನ ಬಾಗಿಲು

ಉಪದೇಶಿ ಎಂದರೆ ಊರೂರು ತಿರುಗಿ ಉಪದೇಶ ಮಾಡುವವನು ಎಂದು ತಿಳಿದು ಈ ಕೆಲಸಕ್ಕೆ ಬಂದಿದ್ದರೆ, ತಮ್ಮಗಳಿರಾ, ಇನ್ನೂ ಹೊತ್ತು ಮೀರಿಲ್ಲ, ಬೇರೆ ಏನಾದರೂ ನೋಡಿಕೊಳ್ಳಿ. ಮಸ್ಕಿ, ಲಿಂಗಸೂಗೂರು, ಸಿಂಧನೂರು, ಈ ಮೂರೂ ಕಡೆ ಚದುರಿದ್ದ ನಮ್ಮ ಕ್ರೈಸ್ತ ಮನೆಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಉಪದೇಶ ರೂಪಾಯಿಗೆ ಒಂದಾಣೆ. ಉಳಿದ ಹದಿನೈದಾಣೆ ಸೈಕಲ್ಲಿನ ಪಂಕ್ಚರ್ ಹಚ್ಚುವುದು, ಗಂಡಹೆಂಡಿರ ಜಗಳ ಬಿಡಿಸುವುದು, ಪಾದ್ರಿಸ್ವಾಮಿಗಳ ಮಾತನ್ನು ನಮ್ಮ ಮಂದಿಗೂ ನಮ್ಮ ಮಂದಿಯ ಮಾತನ್ನು ಸ್ವಾಮಿಗಳಿಗೂ ಸ್ವಲ್ಪ ತಿದ್ದಿ ಮುಟ್ಟಿಸುವುದು. ಈ ತಿದ್ದುವ ಕೆಲಸ ಬಾರದವನು ಒಂದು ವಾರವೂ ಉಳಿಯುವುದಿಲ್ಲ. ನೀವು ಈಗ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತೀರಿ, ಇರಲಿ, ಅದು ಕೂಡ ಪಂಕ್ಚರ್ ಆಗುತ್ತದೆ.

ಉಪದೇಶದ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದ ವರ್ಷಗಳಲ್ಲಿ ಕೂಲಿಯವರ ಗುಡಿಸಲುಗಳ ನಡುವೆ ನಿಂತು, ಬರುವ ದೇವರಿಗೆ ದಾರಿ ಸಿದ್ಧ ಮಾಡಿ, ದಿಬ್ಬ ಇಳಿಸಿ, ತಗ್ಗು ತುಂಬಿ ಎಂದು ಒಂದು ತಾಸು ಬಡಬಡಿಸಿದೆ. ಮಂದಿ ಪಿಟ್ಟೆನ್ನದೆ ಕೇಳಿದರು. ನನಗೆ ಒಳಗೊಳಗೇ ಹಿಗ್ಗು. ಮುಗಿದ ಮೇಲೆ ಮೇಸ್ತ್ರಿ ಎದ್ದು ನಿಂತ.

"ದಿಬ್ಬ ಇಳಿಸಿ ತಗ್ಗು ತುಂಬೂದು ಮುಂಜಾನಿಂದ ಅದನ್ನ ಮಾಡಾಕತ್ತೀವಪ್ಪ. ಒಬ್ಬಾಕಿಗೆ ಜ್ವರ ಬಂದಾವ, ನಾಳಿ ಒಂದಾಳು ಕಡಿಮಿ ಬೀಳತೈತಿ. ಆಕಿ ಬುಟ್ಟಿ ನೀ ಹೊರತೀಯೇನು?"

ಮರುದಿನ ಮಧ್ಯಾಹ್ನದವರೆಗೆ ಮಣ್ಣು ಹೊತ್ತೆ, ಆಮೇಲೆ ಎರಡು ದಿನ ಕುತ್ತಿಗೆ ಹೊರಳಲಿಲ್ಲ. ಅಂದಿನಿಂದ ನನ್ನ ಉಪದೇಶ ಹತ್ತು ನಿಮಿಷಕ್ಕಿಂತ ಮೇಲೆ ಹೋದದ್ದಿಲ್ಲ.

ಆದರೆ ಆ ಬುಟ್ಟಿಗಿಂತ ಭಾರವಾದದ್ದನ್ನು ನಾನು ಅದಕ್ಕೂ ಮೊದಲೇ ಹೊತ್ತಿದ್ದೆ. ಅದು ಗದ್ದಲ ಮುಗಿದ ಮರುವರ್ಷದ ಮಾತು. ಗದ್ದಲ ಎಂದರೆ ನಿಮಗೆ ತಿಳಿಯಲಿಕ್ಕಿಲ್ಲ. ನಿಜಾಮರ ರಾಜ್ಯದ ಕೊನೆಯ ದಿನಗಳಲ್ಲಿ ನಮ್ಮ ಕಡೆಯ ಎಷ್ಟೋ ಮಂದಿ ಜೀವ ಕೈಯಲ್ಲಿ ಹಿಡಿದು ಹೊಳೆ ದಾಟಿ ಆಚೆ ಹೋಗಿದ್ದರು. ಮಿಲಿಟರಿ ಬಂದು ಎಲ್ಲ ತಣ್ಣಗಾದ ಮೇಲೆ ತಿರುಗಿ ಬಂದು ನೋಡಿದರೆ ಗೋಡೆಗಳು ಇದ್ದವು, ಒಳಗಿನದು ಇರಲಿಲ್ಲ. ಬೀಸುವ ಕಲ್ಲು, ಹಿತ್ತಾಳೆ ಕೊಡ, ನೇಗಿಲು, ತೊಲೆ, ಬಾಗಿಲು, ಕೈಗೆ ಸಿಕ್ಕದ್ದು ಹೋಗಿತ್ತು. ಒಯ್ದವರು ದೂರದವರಲ್ಲ, ಅದೇ ಓಣಿಯವರು. ಯಾರದ್ದು ಯಾರ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತು, ಆದರೆ ಕೇಳುವ ಧೈರ್ಯ ಒಬ್ಬರಿಗೂ ಇಲ್ಲ.

ಮಸ್ಕಿಯ ಹತ್ತಿರದ ಒಂದು ಊರಿನಲ್ಲಿ ನಮ್ಮವು ಹತ್ತು ಹನ್ನೆರಡು ಮನೆಗಳಿದ್ದವು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಇವತ್ತಿಗೂ ಮೊಮ್ಮಕ್ಕಳು ನನ್ನ ಮನೆಗೆ ಜಗಳಕ್ಕೆ ಬರುತ್ತಾರೆ. ಆ ವರ್ಷ ಅಲ್ಲಿ ಮಣ್ಣಿನ ಗೋಡೆಯ ಒಂದು ಸಣ್ಣ ಗುಡಿ ಕಟ್ಟಿದೆವು. ನಮ್ಮ ಮಂದಿ ಚರ್ಚಿಗೂ ಗುಡಿ ಎಂದೇ ಅನ್ನುತ್ತಾರೆ. ಬಾಗಿಲು ಕೊಟ್ಟವರು ಊರಿನ ಸಿದ್ರಾಮಗೌಡರು. ಹಣೆತುಂಬ ವಿಭೂತಿ ಹಚ್ಚುವ ಶಿವಭಕ್ತರು ನಮ್ಮ ಗುಡಿಗೆ ತೇಗದ ಬಾಗಿಲು ಕೊಟ್ಟರಲ್ಲ ಎಂದು ನಾನು ಉಬ್ಬಿಹೋದೆ. ಹಲಗೆಯ ಹಿಂಬದಿಯಲ್ಲಿ ಉಳಿಯಿಂದ ಕೊರೆದ ಏಳು ಅಡ್ಡ ಗೀಟುಗಳಿದ್ದವು, ಒಂದರ ಮೇಲೊಂದು. ಇವೇನು ಅಸಹ್ಯ ಎಂದುಕೊಂಡು, ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಕರಗಿಸಿ ನಾನೇ ಅವನ್ನು ತುಂಬಿದೆ. ಎರಡೂ ಬದಿಗೆ ನೀಲಿ ಬಣ್ಣ ಬಳಿದೆ, ಮುಂದೆ ಒಂದು ಮರದ ಶಿಲುಬೆ ಬಡಿದೆ. ಮೇಣದ ಮೇಲೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಏಳು ಜಾಗದಲ್ಲಿ ಬಣ್ಣ ತೆಳ್ಳಗೆ ಕಾಣುತ್ತಿತ್ತು.

ನನ್ನ ಮೇಲಿನವರು ಮುದಗಲ್ಲಿನಲ್ಲಿ ಇರುತ್ತಿದ್ದರು. ಗೋವೆಯ ಕಡೆಯ ಪಾದ್ರಿ, ಉದ್ದ ಗಡ್ಡ, ನಮ್ಮ ಮಂದಿ ದೊಡ್ಡಸ್ವಾಮಿ ಎನ್ನುತ್ತಿದ್ದರು. ಕನ್ನಡವನ್ನು ಪುಸ್ತಕದಿಂದ ಕಲಿತವರು, ಪುಸ್ತಕದಂತೆಯೇ ಮಾತಾಡುವವರು, ನಗುವುದನ್ನು ಮಾತ್ರ ಆ ಪುಸ್ತಕ ಕಲಿಸಿರಲಿಲ್ಲ. ಬಂದು ಬಾಗಿಲು ನೋಡಿ "ಉತ್ತಮವಾದ ಬಾಗಿಲು" ಎಂದರು. ಅವರ ಬಾಯಿಂದ ಉತ್ತಮ ಎಂಬ ಮಾತು ಕೇಳಿದ ಉಪದೇಶಿ ಆ ಸೀಮೆಯಲ್ಲಿ ನಾನೊಬ್ಬನೇ. ಕ್ರಿಸ್ಮಸ್ಸಿನ ಮುಂಜಾನೆ ಇಲ್ಲಿಗೇ ಬಂದು ಮೊದಲ ಪೂಜೆ ಮಾಡುತ್ತೇನೆ ಎಂದೂ ಹೇಳಿ ಹೋದರು.

ಕ್ರಿಸ್ಮಸ್ಸಿನ ಹಿಂದಿನ ನಾಲ್ಕು ವಾರಗಳಿಗೆ ನಮ್ಮಲ್ಲಿ ಆಗಮನ ಕಾಲ ಎನ್ನುತ್ತೇವೆ. ಬರುವ ಬಾಲಯೇಸುವಿಗಾಗಿ ತಯಾರಿ ಮಾಡುವ ಕಾಲ. ನಮ್ಮ ಮಂದಿಯ ತಯಾರಿ ಎಂದರೆ ಗೋಡೆಗೆ ಸುಣ್ಣ, ಮೈಗೆ ಹೊಸ ಅಂಗಿ, ಡಬ್ಬಿಗೆ ಕರ್ಚಿಕಾಯಿ. ಆ ವರ್ಷ ದೊಡ್ಡಸ್ವಾಮಿಗಳು ನನ್ನನ್ನು ಕರೆಸಿ ಕೇಳಿದರು.

"ಸುಣ್ಣ ಹಚ್ಚುವ ಮುಂಚೆ ನೀವು ಏನು ಮಾಡುತ್ತೀರಿ?"

"ಹಳೇ ಸುಣ್ಣ ಕೆರೀತೀವ್ರಿ."

"ಕೆರೆಯದೆ ಹಚ್ಚಿದರೆ?"

"ಸಂಕ್ರಾಂತಿಗೆಲ್ಲಾ ಹಕ್ಕಳಿ ಏಳತೈತ್ರಿ."

"ಹಾಗಾದರೆ ಮೂರು ವಾರ ಕೆರೆಯಿರಿ, ಕೊನೆಯ ವಾರ ಸುಣ್ಣ. ಗದ್ದಲದಲ್ಲಿ ಬಂದ ವಸ್ತು ಯಾರ ಮನೆಯಲ್ಲಿದ್ದರೂ ಹೊರಗೆ ಬರಲಿ. ಗುಡಿಯ ಕಟ್ಟೆಯ ಮೇಲೆ ಇಟ್ಟು ಹೋಗಲಿ. ನೀನು ಹೆಸರು ಕೇಳಬೇಡ, ಬೈಯಬೇಡ. ನ್ಯಾಯ ಮೊದಲು, ಕರ್ಚಿಕಾಯಿ ಆಮೇಲೆ."

ನಾನು ಮನೆಮನೆಗೆ ಹೋಗಿ ಹೇಳಿ ಬಂದೆ. ಮೊದಲ ಎರಡು ದಿನ ಕಟ್ಟೆ ಖಾಲಿ. ಮೂರನೇ ದಿನ ಮುಂಜಾನೆ ನೋಡುತ್ತೇನೆ, ಬೀಸುವ ಕಲ್ಲಿನ ಮೇಲಿನ ಹೋಳು ಒಂದೇ ಬಂದು ಕೂತಿದೆ. ಕೆಳಗಿನ ಹೋಳು ಒಯ್ದವನು ಬೇರೆ, ಅವನು ಇನ್ನೂ ಯೋಚನೆ ಮಾಡುತ್ತಿದ್ದ. ಮರುದಿನ ಅದೂ ಬಂತು. ಆಮೇಲೆ ಕೊಡ ಬಂತು, ಕುಡಗೋಲು ಬಂತು, ಒಂದು ತೊಟ್ಟಿಲು ಬಂತು. ಒಂದು ಹಿತ್ತಾಳೆ ತಂಬಿಗೆಗೆ ಮೂವರು ಹೆಂಗಸರು ನನ್ನದು ತನ್ನದು ಎಂದು ಆಣೆ ಇಟ್ಟರು. ಕೂಸಿಗಾಗಿ ಬಡಿದಾಡಿದ ಇಬ್ಬರು ತಾಯಂದಿರ ನ್ಯಾಯ ಬಿಡಿಸಿದ ಬೈಬಲ್ಲಿನ ಹಳೆಯ ರಾಜನ ಜಾಣತನ ನೆನಪಾಗಿ, ಕತ್ತರಿಸಿ ಮೂವರಿಗೂ ಹಂಚುತ್ತೇನೆ ಎಂದೆ. ನಿಜವಾದ ಒಡತಿ ಬೇಡವೆಂದು ಅಳುತ್ತಾಳೆ ಎಂದು ನನ್ನ ಲೆಕ್ಕಾಚಾರ. ಮೂವರೂ ಒಂದೇ ಉಸಿರಿಗೆ "ಕತ್ತರಸ್ರಿ" ಅಂದರು. ಆ ತಂಬಿಗೆ ಕೊನೆಗೆ ಗುಡಿಯಲ್ಲೇ ಉಳಿಯಿತು.

ನಮ್ಮ ಅಂತಪ್ಪನಂತೂ ಅಣ್ಣನಿಂದ ಎಂದೋ ಇಸಿದುಕೊಂಡಿದ್ದ ನೇಗಿಲನ್ನು ಎಲ್ಲರೆದುರು ಹೊತ್ತು ತಂದು, ಕಣ್ಣೀರು ಹಾಕಿ, ಅಣ್ಣನನ್ನು ತಬ್ಬಿಕೊಂಡು ಒಪ್ಪಿಸಿದ. ಅದೇ ಸಂಜೆ ಹೋಗಿ ಮತ್ತೆ ಇಸಿದುಕೊಂಡ. ದೊಡ್ಡಸ್ವಾಮಿಗಳಿಗೆ ನಾನು ಮೊದಲ ಅರ್ಧ ಮಾತ್ರ ವರದಿ ಮಾಡಿದೆ.

ಸುದ್ದಿ ಊರಿನ ಹಿಂದೂ ಮನೆಗಳಿಗೂ ಮುಟ್ಟಿತು. ಆ ವಾರದ ಕೊನೆಗೆ ಸಂಗವ್ವ ಬಂದಳು. ಗಂಡ ಸತ್ತು ಬಹಳ ವರ್ಷವಾಗಿದ್ದ ಹೆಂಗಸು, ಒಬ್ಬಳೇ ಮಗಳನ್ನು ಮದುವೆ ಮಾಡಿ ಕೊಟ್ಟು ಒಂಟಿಯಾಗಿ ಇರುವವಳು. ಕಟ್ಟೆಯ ಮೇಲೆ ಕೂತು, ನಮ್ಮ ಆ ನೀಲಿ ಬಾಗಿಲಿಗೆ ಹಾಯಾಗಿ ಬೆನ್ನು ಆನಿಸಿದಳು.

"ಇನ್ನಾಸಣ್ಣ, ನಿಮ್ಮ ದೇವರು ಬಾಗಲಾನೂ ತರಿಸಿಕೊಡ್ತಾನೇನು?"

"ಯಾವ ಬಾಗಲಾ, ಸಂಗವ್ವ?"

"ನನ್ನ ಮನೀದು. ಹೊಳಿ ಆಚಿಂದ ಬಂದು ನೋಡಿದ್ರ ಬರೇ ಚೌಕಟ್ಟು ಬಾಯಿ ತಕ್ಕೊಂಡು ನಿಂತಿತ್ತು. ಗೋಣಿತಟ್ಟು ಕಟ್ಟಿಕೊಂಡು ದಿನಾ ನೂಕಾಕತ್ತೀನಿ. ನನಗೇನು ಬಿಡು, ನಾಯಿ ಒಳಗ ಬಂದ್ರ ನಾಯಿ ಜೋಡಿ ಮಲಗ್ತೀನಿ. ಮಗಳು ಈರವ್ವ ತುಂಬಿದ ಬಸರಿ ಅದಾಳ, ಲಿಂಗಸೂಗೂರಿನಾಗ ಅತ್ತಿಮನ್ಯಾಗ. ಚೊಚ್ಚಲ. ಕರಕೊಂಡು ಬರಾಕ ಹೋದ್ರ, ಬಾಗಲಾ ಇಲ್ಲದ ಮನಿಗೆ ಬಸರೀನ ಕಳಸೂದಿಲ್ಲ ಅಂದಾಳ ಬೀಗತಿ. ಆಕೀದೂ ತಪ್ಪಲ್ಲ. ಈ ಥಂಡಿ ಗಾಳಿ, ಹಸಿ ಮೈ, ಎಳಿ ಕೂಸು. ಏನರ ಆದ್ರ ಯಾರು ಹೊಣಿ?"

"ಗುರುತು ಏನರ ಐತೇನು?" ಎಂದೆ, ನ್ಯಾಯಕ್ಕೆ ಕೂತ ಊರ ಪಂಚರಂತೆ ಗಂಟಲು ಸರಿಮಾಡಿಕೊಂಡು.

"ಇಲ್ಲದ ಏನು? ನನ್ನ ಗಂಡ ಯುಗಾದಿಗೊಮ್ಮೆ ಮಗಳನ್ನ ಬಾಗಲಕ್ಕ ನಿಂದ್ರಿಸಿ, ತಲಿ ಮಟ್ಟಕ್ಕ ಉಳೀಲೆ ಒಂದು ಗೀಟು ಹಾಕ್ತಿದ್ದ. ವರ್ಷಕ್ಕ ಎಷ್ಟು ಬೆಳದಾಳ ನೋಡೂನು ಅಂತ. ಹಿಂದಿನ ಮಗ್ಗಲಾ ಏಳು ಗೀಟು ಅದಾವ. ಎಂಟನೇದ್ದು ಹಾಕಾಕ ಅವ ಉಳೀಲಿಲ್ಲ."

"ನೋಡೂನು, ಬಂದ್ರ ಹೇಳಿ ಕಳಸ್ತೀನಿ" ಎಂದು ತೊದಲಿದೆ. ಸಂಗವ್ವ ಅದೇ ಬಾಗಿಲಿಗೆ ಕೈಯೂರಿಕೊಂಡು ಎದ್ದು ಹೋದಳು.

ಇಲ್ಲಿಂದ ಮುಂದಿನದನ್ನು ನಾನು ತಿದ್ದಿ ಬರೆಯಬಹುದು, ತಿದ್ದುವುದೇ ನನ್ನ ವೃತ್ತಿ ಎಂದು ಆಗಲೇ ಹೇಳಿದ್ದೇನೆ. ಆದರೆ ನಿಮಗೆ ಉಪಯೋಗವಾಗಲಿ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ನಾನು ಸುಮ್ಮನಿದ್ದೆ. ಎರಡನೇ ಭಾನುವಾರ ಅದೇ ಬಾಗಿಲಿಗೆ ಬೆನ್ನು ಹಾಕಿ ನಿಂತು, ಬೇರೆಯವರ ಸೊತ್ತು ಮುಚ್ಚಿಡುವುದು ಎಂಥ ಪಾಪ ಎಂದು ಮಂದಿಗೆ ಬುದ್ಧಿ ಹೇಳಿದೆ. ಹಿಂದಿನಿಂದ ಏಳು ಗೀಟು ನನ್ನ ಬೆನ್ನು ಕೆರೆಯುತ್ತಿದ್ದವು. ಗೌಡರಿಗೆ ಸಿಟ್ಟು ಬಂದೀತು, ದೊಡ್ಡಸ್ವಾಮಿಗಳು ಬರುವಾಗ ಗುಡಿ ಬೋಳಾಗಿ ಕಂಡೀತು, ಉತ್ತಮ ಎಂದ ಬಾಯಿಂದ ಏನು ಬಂದೀತು ಎಂದು ಒಂದೊಂದೇ ನೆವ ಹುಡುಕಿದೆ. ನಿಜ ಹೇಳಬೇಕೆಂದರೆ ಆ ಬಾಗಿಲು ನನಗೆ ಬೇಕಾಗಿತ್ತು.

ಮೂರನೇ ವಾರ ಒಂದು ಉಪಾಯ ಹೊಳೆಯಿತು. ಬಾಗಿಲು ಕೊಡದೆ ಕೆಲಸ ಮಾತ್ರ ಆಗಬೇಕು. ಸೈಕಲ್ ಏರಿ ಲಿಂಗಸೂಗೂರಿಗೆ ಹೋಗಿ ಈರವ್ವನ ಅತ್ತೆಯನ್ನು ಕಂಡೆ. ಆಕೆ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಈರವ್ವ ಒಳಗೆ ಹೊಸ್ತಿಲ ಹತ್ತಿರ ಕೂತು ಕೇಳುತ್ತಿದ್ದಳು.

"ತೊಗರಿ ಕಟ್ಟಿಗೀದು ಗಟ್ಟಿ ತಟ್ಟಿ ನಾನ ನಿಂತು ಕಟ್ಟಸ್ತೀನ್ರಿ, ಯವ್ವಾ. ಮ್ಯಾಲ ಸಗಣಿ ಸಾರಿಸಿದ್ರ ಗಾಳಿ ಹಾಯೂದಿಲ್ಲ. ಮಗಳನ್ನ ಕಳಸ್ರಿ."

"ನೀವು ಏನು ಕೆಲಸ ಮಾಡ್ತೀರಿ?"

"ಗುಡಿ ನೋಡಿಕೊಳ್ತೀನ್ರಿ."

"ನಿಮ್ಮ ಗುಡಿಗೂ ತಟ್ಟೀನ ಐತೇನು?"

"ಇಲ್ರೀ, ತೇಗದ ಬಾಗಲಾ ಐತಿ" ಎಂದುಬಿಟ್ಟೆ. ಹೆಮ್ಮೆ ನೋಡಿ, ಎಲ್ಲಿ ಬೇಡವೋ ಅಲ್ಲೇ ಬಾಯಿ ಬಿಡುತ್ತದೆ.

ಆಕೆ ಮೊರ ಕೆಳಗಿಟ್ಟಳು. "ಅಲ್ಲಿ ಯಾರರ ಹಡಿಯಾಕತ್ತಾರೇನು?"

"ಇಲ್ರೀ."

"ಹಂಗಿದ್ರ ತಟ್ಟಿ ಗುಡಿಗೆ ಕಟ್ಟರಿ, ಬಾಗಲಾ ಬಾಣಂತಿಗೆ ಹಚ್ಚರಿ. ದೇವರಿಗೇನು ಥಂಡಿ ಹತ್ತತೈತೇನು? ಎಂಟು ದಿನ ನೋಡ್ತೀನಿ. ಆಮ್ಯಾಲ ಆಕಿ ಗಾಡಿ ಹತ್ತೂ ಹಂಗಿಲ್ಲ."

ಒಳಗಿಂದ ಈರವ್ವ ಕಿಸಕ್ಕೆಂದು ನಕ್ಕಳು. ಆ ಬೀಗತಿಗೆ ನಮ್ಮ ಬಾಗಿಲಿನ ಗುಟ್ಟು ಒಂದಿಷ್ಟೂ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಅಂದಿದ್ದಳು ಅಷ್ಟೆ. ನಾನು ಮಾತ್ರ ಅಲ್ಲಿಂದ ಮಸ್ಕಿಗೆ ತಿರುಗದೆ ನೆಟ್ಟಗೆ ಮುದಗಲ್ಲಿಗೆ ಸೈಕಲ್ ತುಳಿದೆ.

ದೊಡ್ಡಸ್ವಾಮಿಗಳು ಎಲ್ಲವನ್ನೂ ಕೇಳಿದರು. ಆಮೇಲೆ ಎರಡೇ ಪ್ರಶ್ನೆ.

"ನಿನಗೆ ಗೊತ್ತಾದದ್ದು ಯಾವ ವಾರ?"

"ಮೊದಲನೇದ್ರಿ."

"ಈಗ ಯಾವ ವಾರ?"

"ಕ್ರಿಸ್ಮಸ್ ಪೂಜೆಗೆ ಗುಡಿ ಬೋಳಾಗತೈತಲ್ರಿ ಸ್ವಾಮಿ" ಎಂದು ಕೊನೆಯದಾಗಿ ಒಂದು ಕೊಸರಾಡಿದೆ.

"ಆತನು ಹುಟ್ಟಿದ ಕೊಟ್ಟಿಗೆಗೆ ಬಾಗಿಲಿತ್ತೆಂದು ನಾನು ಎಲ್ಲಿಯೂ ಓದಿಲ್ಲ" ಎಂದರು. ನಾನು ಹೊರಡುವಾಗ ಮತ್ತೆ ಕರೆದರು. "ನೀನೊಬ್ಬನೇ ಹೊರಬೇಡ. ಕೊಟ್ಟವನೂ ಒಂದು ತುದಿ ಹಿಡಿಯಲಿ. ಆದರೆ ಅವನಿಗೆ ಮಾನಭಂಗವಾಗಬಾರದು."

"ಅದು ಹೆಂಗ್ರಿ?"

"ಅದು ನಿನ್ನ ಕೆಲಸ."

ಮೇಲಿನವರು ಎಂದರೆ ಹೀಗೆಯೇ ತಮ್ಮಗಳಿರಾ, ಸುಲಭದ್ದನ್ನು ತಾವು ಹೇಳಿ ಕಷ್ಟದ್ದನ್ನು ನಮಗೆ ಬಿಡುತ್ತಾರೆ.

ಸಿದ್ರಾಮಗೌಡರು ತಮ್ಮ ಮನೆಯ ಕಟ್ಟೆಯ ಮೇಲೆ ಅಡಕೆ ಕತ್ತರಿಸುತ್ತಾ ಕೂತಿದ್ದರು. "ಗೌಡ್ರ, ಆ ಬಾಗಲಾ ಸಂಗವ್ವಂದು" ಎಂದೆ. ಅಡಕತ್ತಿ ನಿಂತಿತು.

"ಗೊತ್ತೈತಿ" ಎಂದರು. "ಆಕಿ ಊರು ಬಿಟ್ಟಾಗ ನಮ್ಮ ಆಳು ಕಿತ್ತುಕೊಂಡು ಬಂದ್ರು, ಉರವಲಕ್ಕಂತ. ಕೊಡ್ಲಿ ಎತ್ತಿದ್ರು, ನಾ ತಡದೆ. ಆಕಿ ತಿರುಗಿ ಬಂದ್ಲು. ಕೊಡೂನಂದ್ರ ಯಾವ ಮಾರಿ ಹೊತ್ತುಕೊಂಡು ಹೋಗೂದು? ಕಣಕಿ ಬಣವಿ ಹಿಂದ ಮುಚ್ಚಿಟ್ಟಿದ್ದೆ. ಅಷ್ಟರಾಗ ನೀ ಬಾಗಲಾ ಬೇಕಂತ ಬಂದಿ. ಯಾವ ದೇವರಾದ್ರೇನು, ದೇವರ ಮನಿಗೆ ಕೊಟ್ರ ನನ್ನ ಮ್ಯಾಲಿನ ಭಾರ ಇಳೀತು ಅಂತ ಕೊಟ್ಟುಬಿಟ್ಟೆ."

"ನಿಮ್ಮ ಮ್ಯಾಲಿಂದ ಇಳದು ಈಗ ನನ್ನ ಮ್ಯಾಲ ಕುಂತೈತ್ರಿ."

ಗೌಡರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಳ್ಳಮಾಲು ಮುಚ್ಚಿಟ್ಟವರಿಬ್ಬರು ಒಂದೇ ಕಟ್ಟೆಯ ಮೇಲೆ ಕೂತು ನಗುವುದು ಚಂದದ ನೋಟವೇನಲ್ಲ, ಆದರೆ ಆ ನಗುವಿನಿಂದ ಕೆಲಸ ಹಗುರವಾಯಿತು. ಗೌಡರು ಗಾಡಿ ಕಟ್ಟಿಸಿದರು. ನಾನು ಶಿಲುಬೆ ಬಿಚ್ಚಿಕೊಂಡು, ಬಾಗಿಲು ಇಳಿಸಿ ಗಾಡಿಗೆ ಹೇರಿದೆ. ಗೌಡರು ಎತ್ತು ನೋಡುವ ನೆವ ಮಾಡಿಕೊಂಡು ಹಿಂದೆ ಹಿಂದೆ ಬಂದರು.

ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು, ಸಂಗವ್ವನ ಮನೆ ಮುಂದೆ ನಿಂತು ಹೇಳಿದೆ: "ಸಂಗವ್ವ, ನಿನ್ನ ಬಾಗಲಾ ಸಿಕ್ತು. ಒಡದು ಒಲಿಗೆ ಹಾಕಾಕ ಹೊಂಟಿದ್ರಂತ, ಗೌಡ್ರು ತಡದು ಕಾಪಾಡ್ಯಾರ. ನಾ ತಿಳೀಲಾರದ ಗುಡಿಗೆ ಹಚ್ಚಿದ್ದೆ. ತಿಳದ ಮ್ಯಾಲೂ ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನ ತಪ್ಪು."

ಗೌಡರ ಪಾಲಿನದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಸಂಗವ್ವ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು ಎಂದು ನನಗೆ ತಿಳಿಯಿತು.

"ಕಾಪಾಡಿದವರು ಆ ತುದಿ ಹಿಡೀರಿ, ಗೌಡ್ರ. ಇನ್ನಾಸಣ್ಣ ಎಲುಬಿನ ಹಂದರ ಆಗ್ಯಾನ, ಅವನ ಕೈಲೆ ಆಗೂದಿಲ್ಲ. ಹಾಂ, ತುಸು ಎತ್ತರಿ. ಇನ್ನೂ ತುಸು. ಬಲಕ್ಕ ಸರೀರಿ. ಬಲಕ್ಕಂದ್ರ ಬಲಕ್ಕ!"

ಆ ಊರಿನಲ್ಲಿ ಗೌಡರಿಗೆ ಎತ್ತು ಎಂದು, ಸರಿ ಎಂದು ಯಾರೂ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಗೌಡರ ರುಮಾಲು ಜಾರಿತು, ವಿಭೂತಿ ಬೆವರಿನಲ್ಲಿ ಇಳಿಯಿತು, ಹೇಳಿದಂತೆ ಎತ್ತಿದರು, ಸರಿದರು. ಬಾಗಿಲು ಹಳೆಯ ಚೌಕಟ್ಟಿನಲ್ಲಿ ತಾನಾಗಿಯೇ ಬಂದು ಕೂತಿತು.

ಸಂಗವ್ವ ಒಳಗೆ ಹೋಗಿ ದಬ್ಬಣ ತಂದು ನನ್ನ ಮೇಣವನ್ನು ಒಂದೊಂದೇ ಗೀಟಿನಿಂದ ಕೆರೆದು ತೆಗೆದಳು. ತೊಡೆಯ ಮಟ್ಟದಿಂದ ಸುರುವಾಗಿ ಎದೆಯ ಮಟ್ಟದವರೆಗೆ ಏಳೂ ಎದ್ದು ಬಂದವು. ಪ್ರತಿಯೊಂದರ ಮೇಲೂ ಬೆರಳಿಟ್ಟಳು. ಏಳನೆಯದರ ಮೇಲೆ ಬೆರಳು ಹಾಗೇ ನಿಂತಿತು. "ಎಲ್ಲಾ ಅದಾವ" ಎಂದು ಬಿಕ್ಕಿದಳು. ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಗೌಡರು ಎತ್ತು ನೋಡಲು ಹೋದರು.

"ಬಣ್ಣ ಉಜ್ಜಿ ತಗೀಲೇನು?" ಎಂದು ಕೇಳಿದೆ.

"ಇರಲಿ ಬಿಡು. ಇಷ್ಟು ದಿನ ಇಟ್ಟುಕೊಂಡದ್ದಕ್ಕ ನಿಮ್ಮ ದೇವರು ಕೊಟ್ಟ ಬಾಡಗಿ ಅಂತ ತಿಳಕೊಂತೀನಿ" ಎಂದು ಮೂಗು ಒರೆಸಿಕೊಂಡಳು.

ಮರುದಿನ ಅದೇ ಗಾಡಿ ಲಿಂಗಸೂಗೂರಿಗೆ ಹೋಯಿತು. ಬೀಗತಿ ತಾನೂ ಜೊತೆಗೆ ಬಂದು, ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿ, ಆಮೇಲೆ ಈರವ್ವನನ್ನು ಗಾಡಿಯಿಂದ ಇಳಿಸಿದಳು. ಕೊನೆಯ ವಾರ ಇಡೀ ಓಣಿ ಸುಣ್ಣ ಹಚ್ಚುತ್ತಿರುವಾಗ ಈರವ್ವ ಹೆಣ್ಣು ಹಡೆದಳು.

ನನ್ನ ಕೆಲಸದ ಕ್ರಮ ಅಂದಿನಿಂದ ಬದಲಾಯಿತು. ಪ್ರತಿ ವರ್ಷ ಆಗಮನ ಕಾಲದ ಮೊದಲ ದಿನ ಯಾರ ಮನೆಗೂ ಹೋಗುವ ಮುಂಚೆ ನನ್ನ ಮನೆಯನ್ನು, ನನ್ನ ಗುಡಿಯನ್ನು ಒಂದು ಸುತ್ತು ಹಾಕುತ್ತಿದ್ದೆ. ಇಲ್ಲಿರುವುದರಲ್ಲಿ ನನ್ನದಲ್ಲದ್ದು ಯಾವುದು ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಒಂದೂ ವರ್ಷ ಬರಿಗೈಯಲ್ಲಿ ಹೊರಗೆ ಬಂದದ್ದಿಲ್ಲ. ನೀವೂ ನೋಡಿ, ಏನಾದರೂ ಸಿಗುತ್ತದೆ.

ಆ ವರ್ಷದ ಕ್ರಿಸ್ಮಸ್ಸಿನ ಮುಂಜಾನೆ ದೊಡ್ಡಸ್ವಾಮಿಗಳು ಬಂದರು. ಗುಡಿಗೆ ನಾನೇ ಕಟ್ಟಿದ್ದ ತೊಗರಿ ಕಟ್ಟಿಗೆಯ ತಟ್ಟಿ. ಬೀಗತಿಗೆ ನಾನು ಅಷ್ಟು ಹೊಗಳಿದ್ದ ಆ ತಟ್ಟಿಯನ್ನು ಅವರು ಒಂದು ಬೆರಳಿನಿಂದ ಮುಟ್ಟಿದ್ದೇ ತಡ, ಚೌಕಟ್ಟು ಬಿಟ್ಟು ದಡ್ಡನೆ ಒಳಗೆ ಬಿತ್ತು. ಪೂಜೆಯ ನಡುವೆ ಅಂತಪ್ಪನ ಆಡು ನೆಟ್ಟಗೆ ಒಳಗೆ ಬಂದು ಬಾಲಯೇಸುವಿನ ಗೋದಲಿಯ ಹುಲ್ಲು ತಿಂದಿತು. ಸ್ವಾಮಿಗಳು ಲ್ಯಾಟಿನ್ ಮಂತ್ರ ನಿಲ್ಲಿಸದೆ ನನ್ನತ್ತ ಒಮ್ಮೆ ನೋಡಿದರು. ನಾನು ಸೂರು ನೋಡಿದೆ.

ಪೂಜೆ ಮುಗಿದ ಮೇಲೆ "ಆ ಬಾಗಿಲನ್ನು ನಾನು ನೋಡಬೇಕು" ಎಂದರು. ಕರೆದುಕೊಂಡು ಹೋದೆ. ಸಂಗವ್ವನ ಮನೆಯ ಬಾಗಿಲು ಮುಚ್ಚಿತ್ತು. ಶಿಲುಬೆ ಬಿಚ್ಚಿದ ಜಾಗದಲ್ಲಿ ಬಿಸಿಲು ತಾಗದ ನೀಲಿ ಇನ್ನೂ ಕಡುವಾಗಿ ಕಾಣುತ್ತಿತ್ತು. ನಾನು ಬಡಿದೆ.

"ಯಾರು?"

"ನಾ, ಇನ್ನಾಸಪ್ಪ. ದೊಡ್ಡಸ್ವಾಮಿಗಳು ಬಂದಾರ ಸಂಗವ್ವ, ಮುದಗಲ್ಲಿಂದ. ಬಾಗಲಾ ನೋಡಬೇಕಂತ."

"ಹೊರಗ ನಿಂತ ನೋಡಿ ಹೋಗ್ರಿ! ಒಳಗ ಬಾಣಂತಿ ಅದಾಳ, ಗಾಳಿ ಹೊಗತೈತಿ. ಸ್ವಾಮಿ ಬರಲಿ, ಯಾರರ ಬರಲಿ, ನಾ ತೆಗಿಯೂದಿಲ್ಲ!"

ಒಳಗೆ ಕೂಸು ಕುಂಯ್ ಎಂದಿತು. ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ದೊಡ್ಡಸ್ವಾಮಿಗಳು ಮಾತ್ರ ಮುಂದೆ ಬಾಗಿ, ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ಅಂಗೈ ಹಿಡಿದು ಮೇಲಿಂದ ಕೆಳಗಿನವರೆಗೆ ಸರಿಸುತ್ತಾ ಗಾಳಿ ಹಾಯುತ್ತದೆಯೇ ಎಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಗಡ್ಡ ಅಲುಗಾಡುತ್ತಿತ್ತು. ಅವರು ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಇನ್ನಾಸಪ್ಪ," ಎಂದರು, "ಬಾಗಿಲು ಚೆನ್ನಾಗಿ ಮುಚ್ಚುತ್ತದೆ."